ಅಧಿಕಾರವಿಲ್ಲದವರ ವಿಚಾರಣೆ

ಶಿಕ್ಷೆ ವಿಧಿಸುವ ಅಧಿಕಾರವಿಲ್ಲದವರು ಒಂದು ಯುದ್ಧದ ನ್ಯಾಯಾನ್ಯಾಯಗಳನ್ನು ವಿಚಾರಿಸಬಹುದೇ? ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಹೀಗೆ ಕೇಳಿದಾಗ, "ಅದು ನ್ಯಾಯಾಲಯವಲ್ಲ, ಬರಿಯ ನಾಟಕ" ಎಂದು ಉತ್ತರಿಸಿದ್ದೆ. ಆ ಉತ್ತರ ಅವಸರದ್ದೆಂಬುದು ರಸೆಲ್ ನ್ಯಾಯಮಂಡಳಿಯ ವೃತ್ತಾಂತವನ್ನು ಓದಿದ ಬಳಿಕ ಮನವರಿಕೆಯಾಯಿತು.

ವಿಯೆಟ್ನಾಂ ಯುದ್ಧ ಉಗ್ರವಾಗಿದ್ದ 1966ರಲ್ಲಿ, 94 ವರ್ಷದ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅಮೆರಿಕದ ಯುದ್ಧನೀತಿಯ ವಿಚಾರಣೆಗೆಂದು ಹಲವು ದೇಶಗಳ ಲೇಖಕರನ್ನೂ ನ್ಯಾಯವಾದಿಗಳನ್ನೂ ಆಹ್ವಾನಿಸಿದರು. ಸಾರ್ತ್ರ್ ಕಾರ್ಯಾಧ್ಯಕ್ಷರಾದರು. ಫ್ರಾನ್ಸ್ ಸರ್ಕಾರ ಅನುಮತಿ ನಿರಾಕರಿಸಿದುದರಿಂದ ಮಂಡಳಿಯು 1967ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮಿನಲ್ಲಿಯೂ, ವರ್ಷದ ಕೊನೆಗೆ ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿಯೂ ಸೇರಿತು. ನೇಪಾಮಿನಿಂದ ಸುಟ್ಟ ಗಾಯಗಳನ್ನು ಹೊತ್ತವರು ಅಲ್ಲಿ ಸಾಕ್ಷ್ಯ ನುಡಿದರು. ಅಮೆರಿಕದ ಮಾಜಿ ಸೈನಿಕರೂ ತಾವು ಕಂಡದ್ದನ್ನು ಹೇಳಿದರು.

ಇವರನ್ನು ನೇಮಿಸಿದ ಪ್ರಭುತ್ವ ಯಾವುದೂ ಇರಲಿಲ್ಲ, ನಿಜ. ಆದರೆ ಆಕ್ರಮಣಕಾರಿ ಯುದ್ಧವು ಪರಮ ಅಪರಾಧವೆಂದು 1946ರಲ್ಲೇ ನ್ಯೂರೆಂಬರ್ಗ್ ತೀರ್ಪು ಸಾರಿತ್ತು. ಅಲ್ಲಿ ಕಟಕಟೆಯಲ್ಲಿ ನಿಂತವರು ಸೋತವರು ಮಾತ್ರ. ಬಲಿಷ್ಠ ರಾಷ್ಟ್ರವೊಂದನ್ನು ಅದರ ಒಪ್ಪಿಗೆಯಿಲ್ಲದೆ ಅಂಥ ಕಟಕಟೆಗೆ ಕರೆಯಬಲ್ಲ ಪೀಠ ಜಗತ್ತಿನಲ್ಲಿರಲಿಲ್ಲ. ಕಾನೂನಿದ್ದೂ ದೂರು ಕೇಳುವವರಿಲ್ಲದ ಸ್ಥಿತಿ ಅದು. ತಮ್ಮ ನಿರ್ಬಲತೆಯೇ ಈ ಮಂಡಳಿಯ ಸ್ವಾತಂತ್ರ್ಯಕ್ಕೆ ಆಧಾರವೆಂದು ಸಾರ್ತ್ರ್ ವಾದಿಸಿದ್ದು ಈ ಹಿನ್ನೆಲೆಯಲ್ಲಿ.

ಆದರೂ ಒಂದು ಆಕ್ಷೇಪ ನನ್ನನ್ನು ಬಿಡದು. ಸದಸ್ಯರಲ್ಲಿ ಅನೇಕರು ವಿಚಾರಣೆಗೆ ಮೊದಲೇ ತಮ್ಮ ನಿಲುವನ್ನು ಪ್ರಕಟಿಸಿದ್ದರು. ಯುದ್ಧವನ್ನು ಕಟುವಾಗಿ ವಿರೋಧಿಸುತ್ತಿದ್ದ ಅಮೆರಿಕದ ಇತಿಹಾಸಕಾರ ಸ್ಟಾಟನ್ ಲಿಂಡ್ ಅವರೇ ಆಹ್ವಾನವನ್ನು ನಿರಾಕರಿಸಿದರು. ಉಭಯ ಪಕ್ಷಗಳ ಕೃತ್ಯಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕೆಂಬುದು ಅವರ ಬೇಡಿಕೆಯಾಗಿತ್ತು. ಹಿತೈಷಿಯಿಂದ ಬಂದ ಈ ಮಾತನ್ನು ವೈರಿಯ ಟೀಕೆಯೆಂದು ತಳ್ಳಿಹಾಕಲಾಗದು.

ಆದುದರಿಂದ ಆಲಿಸುವುದನ್ನೂ ತೀರ್ಪು ನೀಡುವುದನ್ನೂ ನಾನೀಗ ಬೇರೆಬೇರೆಯಾಗಿ ನೋಡುತ್ತೇನೆ. ನೊಂದವರ ಮಾತನ್ನು ಬಹಿರಂಗವಾಗಿ ಕೇಳಿ ದಾಖಲಿಸಲು ಯಾರ ಅಪ್ಪಣೆಯೂ ಬೇಡ. ಅದು ಪೌರನ ಸಹಜ ಹಕ್ಕು. ತೀರ್ಪಿನ ಮಾತು ಹಾಗಲ್ಲ. ಅಧಿಕಾರವಿಲ್ಲದವರ ತೀರ್ಪಿಗೆ ನಿಷ್ಪಕ್ಷಪಾತವೊಂದೇ ಬಂಡವಾಳ. ತಮ್ಮವರ ವಿರುದ್ಧದ ಸಾಕ್ಷ್ಯಕ್ಕೂ ಬಾಗಿಲು ತೆರೆದಿಡದಿದ್ದರೆ ಆ ಬಂಡವಾಳವೂ ಕರಗುತ್ತದೆ.

ಆ ವಿದ್ಯಾರ್ಥಿನಿ ಮತ್ತೆ ಅದೇ ಪ್ರಶ್ನೆಯನ್ನು ಕೇಳಿದರೆ ನಾಟಕವೆಂದು ಹೇಳಲಾರೆ. "ಅಲ್ಲಿ ಯಾರ ಮಾತನ್ನು ಕೇಳಲಾಯಿತು, ಯಾರದನ್ನು ಕೇಳಲಿಲ್ಲ ಎಂಬುದನ್ನು ಮೊದಲು ನೋಡು" ಎನ್ನುತ್ತೇನೆ.