ಚೆಲ್ಲಿದ ವಿಷದ ಋಣ

ಮನೆಯಲ್ಲಿ ಹಾಲು ಚೆಲ್ಲಿದರೆ ಚೆಲ್ಲಿದವನೇ ಅರಿವೆ ತಂದು ಒರೆಸಬೇಕೆಂಬುದು ಯಾವ ಶಾಸನದಲ್ಲಿಯೂ ಬರೆದ ಮಾತಲ್ಲ. ಆದರೂ ಮಕ್ಕಳು ಅದನ್ನು ಬೇಗನೆ ಕಲಿಯುವರು. ಅದೇ ಮಗು ಬೆಳೆದು ಸಂಸಾರವಂದಿಗನಾಗಿ, ಹಾಲಿಗೆ ಬದಲು ವಿಷವನ್ನು, ಅಡಿಗೆಮನೆಗೆ ಬದಲು ಬಾವಿಯ ದಂಡೆಯ ಮೇಲೆ ಚೆಲ್ಲಿದಾಗ ಮಾತ್ರ, ಒರೆಸಬೇಕಾದವರು ಯಾರು, ಅದರ ವೆಚ್ಚವನ್ನು ಹೊರಬೇಕಾದವರು ಯಾರು ಎಂಬ ವಿವಾದವು ಏಳುವದು.

ವಿಜಯಪುರದವರಿಗೆ ನೀರಿನ ಬೆಲೆಯನ್ನು ಹೊಸದಾಗಿ ತಿಳಿಸಬೇಕಾದುದಿಲ್ಲ. ಆದಿಲಶಾಹಿ ಅರಸರು ತೊರವಿಯ ಕಡೆಯಿಂದ ನೆಲದೊಳಗೆ ಸುರಂಗವನ್ನು ತೋಡಿಸಿ, ನಡುನಡುವೆ ಬಾವಿಗಳಂಥ ಗಾಳಿಗಂಡಿಗಳನ್ನು ಇರಿಸಿ ಊರಿಗೆ ನೀರನ್ನು ತಂದರು. 1651ರಲ್ಲಿ ಮಹಮ್ಮದ ಆದಿಲಶಾಹನು ಕಟ್ಟಿಸಿದ ಬೇಗಂ ತಾಲಾಬದ ನೀರು ಮಣ್ಣಿನ ಕೊಳವೆಗಳಲ್ಲಿ ಹರಿದು, ಗಂಜಗಳೆಂಬ ಗೋಪುರಗಳನ್ನೇರಿ ಓಣಿಗಳಿಗೆ ಇಳಿಯುತ್ತಿತ್ತು. ಆ ಏರ್ಪಾಡನ್ನು ನೋಡಿದವನಿಗೆ ಒಂದು ಸಂಗತಿಯು ತಾನಾಗಿಯೇ ಹೊಳೆಯುವದು: ತೊರವಿಯಲ್ಲಿ ಕೆಟ್ಟ ನೀರು ಕೋಟೆಯೊಳಗಿನ ಕೊಡಕ್ಕೂ ಬಂದೇ ಬರುವದು. ಮನುಷ್ಯನು ಸುರಂಗ ತೋಡದ ಕಡೆಯಲ್ಲಿಯೂ ಈ ನೆಲಕ್ಕೆ ತನ್ನವೇ ಆದ ದಾರಿಗಳುಂಟು. ಬೇಸಿಗೆಯಲ್ಲಿ ಎರೆಭೂಮಿಯು ಕೈ ಹೋಗುವಷ್ಟು ಬಿರಿಯುವದು. ಅದರ ಕೆಳಗಿನ ಕರಿಕಲ್ಲಿನಲ್ಲಿ ನೀರು ಬಿರುಕಿನಿಂದ ಬಿರುಕಿಗೆ ಸಾಗುವದು. ಒಬ್ಬನ ಹೊಲದಲ್ಲಿ ಇಳಿದುದು ಇನ್ನೊಬ್ಬನ ಬಾವಿಯಲ್ಲಿ ತಲೆಯೆತ್ತಿದರೆ ಆಶ್ಚರ್ಯವಿಲ್ಲ.

ಇಂದು ತಿಕೋಟಾ, ಬಬಲೇಶ್ವರಗಳ ಸೀಮೆಯು ದ್ರಾಕ್ಷಿಯ ಸೀಮೆಯಾಗಿದೆ. ಬರಗಾಲದಲ್ಲಿ ಟ್ಯಾಂಕರಿನ ನೀರನ್ನು ಕೊಂಡು ತಂದು ಬಳ್ಳಿಗಳನ್ನು ಬದುಕಿಸಿದ ಜನರು ಇವರು. ಅಕ್ಟೋಬರದ ಚಾಟ್ನಿಯಾದ ಮೇಲೆ ಮೋಡ ಮುಸುಕಿದರೆ, ಮಂಜು ಬಿದ್ದರೆ, ಬೂಜಿನ ರೋಗಕ್ಕೆ ಅಂಜಿ ಮತ್ತೆ ಮತ್ತೆ ಸಿಂಪಡಿಸಬೇಕಾಗುವದು. ಜನರು ಇದನ್ನು ‘ಎಣ್ಣೆ ಹೊಡೆಯುವದು’ ಎನ್ನುವರು, ‘ಔಷಧ’ವೆಂದೂ ಕರೆಯುವರು. ಹೆಸರು ಸೌಮ್ಯವಾದುದು, ಆದರೆ ಅತಿ ಕಠೋರವಾದವುಗಳ ಡಬ್ಬಿಯ ಮೇಲಿನ ಕೆಂಪು ತ್ರಿಕೋನವು ಬೇರೆಯದೇ ಮಾತನ್ನು ಹೇಳುವದು.

ಆ ಸೀಮೆಯ ಒಂದು ತೋಟವನ್ನು ಕಣ್ಣೆದುರಿಗೆ ತಂದುಕೊಳ್ಳಬಹುದು. ಸಂಜೆಯ ಹೊತ್ತು, ತರುಣನೊಬ್ಬನ ಕೈಯೊಳಗಿನ ಕ್ಯಾನು ಜಾರಿ, ನೆರೆಹೊಲದ ಬಾವಿಯ ದಂಡೆಯ ಮೇಲೆ ಉರುಳುವದು. ಕಂಡವರು ಯಾರೂ ಇಲ್ಲ.

“ಅಪ್ಪಾ, ಕಾಕಾಗ ಹೇಳೂದು ಬ್ಯಾಡ. ಮಳಿ ಬಂದ್ರ ತಾನ ತೊಳದು ಹೊಕ್ಕೈತಿ.”

“ತೊಳದು ಎಲ್ಲಿಗಿ ಹೊಕ್ಕೈತೋ?” ಎಂದು ತಂದೆ ಕೇಳುವನು.

ಮಗನಲ್ಲಿ ಉತ್ತರವಿಲ್ಲ. ತಂದೆಯು ಕೈಗವಸು ತೊಟ್ಟು, ನೀರು ಹಾಕಗೊಡದೆ ಒಣಮಣ್ಣು ಸುರುವಿ, ಹೀರಿದ ಮಣ್ಣನ್ನು ಬಳಿದು ಮುಚ್ಚಳದ ಡಬ್ಬಿಯಲ್ಲಿ ತುಂಬಿಸುವನು. ಕತ್ತಲಾಗುವ ಮುನ್ನ ತಾನೇ ನೆರೆಯವನ ಮನೆಗೆ ಹೋಗಿ, “ಇವತ್ತ ಮೋಟಾರು ಚಾಲೂ ಮಾಡಬ್ಯಾಡ” ಎನ್ನುವನು. ನೀರು ಪರೀಕ್ಷೆಯಾಗಿ ನಿರ್ದೋಷವೆಂದು ತಿಳಿಯುವವರೆಗೆ ಆ ಮನೆಯ ಜನಕ್ಕೂ ದನಕ್ಕೂ ಟ್ಯಾಂಕರಿನ ನೀರು ಇವನ ಖರ್ಚಿನಿಂದಲೇ ಬರುವದು. ಚೆಲ್ಲಿದ ಔಷಧದ ಬೆಲೆಗಿಂತ ಈ ವೆಚ್ಚವು ಬಹಳ ದೊಡ್ಡದು. ಅಷ್ಟು ಹಣದಲ್ಲಿ ಬಾವಿಯಿಂದ ದೂರ ಒಂದು ಕಲ್ಲಿನ ಕಟ್ಟೆಯನ್ನು ಕಟ್ಟಿಸಿ, ಔಷಧ ಕಲಸುವದಕ್ಕೂ ಪಂಪು ತೊಳೆಯುವದಕ್ಕೂ ಅದನ್ನೇ ಬಳಸಬಹುದಾಗಿತ್ತು ಎಂದು ಮಗನಿಗೆ ಆಗ ತೋರುವದು.

ಇಂಥ ನಡತೆಗೆ ಶಾಸ್ತ್ರಾಧಾರವಿಲ್ಲವೆಂದಲ್ಲ. ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡವನ್ನು ವಿಧಿಸಿದ ಕೌಟಿಲ್ಯನು, ನೀರಿನ ತಾಣವನ್ನು ಮಲಿನಗೊಳಿಸಿದವನಿಗೆ ಅದಕ್ಕಿಂತ ಹೆಚ್ಚಿನ ದಂಡವನ್ನು ಹೇಳಿದ್ದಾನೆ. 1971ರ ಕೀಟನಾಶಕ ನಿಯಮಗಳು ಖಾಲಿ ಡಬ್ಬಿಗಳನ್ನೂ ತೊಳೆದ ನೀರನ್ನೂ ಜಲಮಾಲಿನ್ಯವಾಗದಂತೆ ವಿಲೇವಾರಿ ಮಾಡಬೇಕೆನ್ನುತ್ತವೆ. 1974ರ ಜಲಮಾಲಿನ್ಯ ಕಾಯಿದೆಯು, ಉದ್ಯಮಗಳಲ್ಲಿ ಅಪಘಾತದಿಂದ ವಿಷವು ಹಳ್ಳಕ್ಕಾಗಲಿ ಬಾವಿಗಾಗಲಿ ಸೇರಿದರೆ, ಹೊಣೆಗಾರನು ಕೂಡಲೇ ಮಂಡಲಿಗೆ ತಿಳಿಸಬೇಕೆಂದು ಆಜ್ಞಾಪಿಸುತ್ತದೆ. ಸಾರ್ವಜನಿಕ ಜಲಾಶಯವನ್ನು ಬೇಕೆಂದು ಕೆಡಿಸಿದವನಿಗೆ 1860ರ ಸಂಹಿತೆಯಲ್ಲಿ 500 ರೂಪಾಯಿಗಳವರೆಗೆ ಇದ್ದ ದಂಡವು, 2023ರ ಭಾರತೀಯ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿಗಳವರೆಗೆ ಏರಿದೆ, ಸೆರೆಮನೆಯೂ ಉಂಟು. ಆದರೆ ದಂಡದ ಹಣವು ಬೊಕ್ಕಸಕ್ಕೆ ಹೋಗುವದು. ಅದರಿಂದ ನೆರೆಯವನ ಕೊಡವು ತುಂಬುವದಿಲ್ಲ.

ಕೊಡ ತುಂಬುವ ಮಾತನ್ನು ನ್ಯಾಯಾಲಯಗಳು ಆಡಿವೆ. ರಾಜಸ್ಥಾನದಲ್ಲಿ ಉದಯಪುರದ ಸಮೀಪದ ಬಿಛಡಿ ಎಂಬ ಹಳ್ಳಿಯಲ್ಲಿ ರಾಸಾಯನಿಕ ಕಾರಖಾನೆಗಳ ಕಸದಿಂದ ಬಾವಿಗಳು ಕೆಟ್ಟವು. ಕೆಡಿಸಿದವರೇ ನೆಲ-ನೀರುಗಳನ್ನು ಸರಿಪಡಿಸುವ ವೆಚ್ಚವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತಿತು. ಮೊತ್ತವು 37 ಕೋಟಿ ರೂಪಾಯಿಗಳಿಗೂ ಮೀರಿತು. ಅದು ಸಂದಾಯವಾಗದೆ ವ್ಯಾಜ್ಯವು ಬೆಳೆದು, 2011ರಲ್ಲಿ ಚಕ್ರಬಡ್ಡಿ ಸಹಿತ ಕೊಡಬೇಕೆಂದು ಮತ್ತೆ ಆಜ್ಞೆ ಮಾಡಬೇಕಾಯಿತು. ಹದಿನೈದು ವರ್ಷ! ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಬೆಳೆದು ದೊಡ್ಡವರಾಗುವರು. ನ್ಯಾಯವು ದೂರದಲ್ಲಿದ್ದಷ್ಟೂ ಬಾಯಾರಿಕೆಯು ಹತ್ತಿರವಾಗುವದು.

ಆದುದರಿಂದ ಊರಿನ ಕಟ್ಟಳೆಯು ಊರಿನಲ್ಲಿಯೇ ಹುಟ್ಟಬೇಕು. ಗ್ರಾಮಸಭೆಯು ಕೂಡಿ ಗೊತ್ತುಮಾಡಬೇಕಾದವು ಕೆಲವೇ ಸಂಗತಿಗಳು: ಬಾವಿ-ಕೆರೆಗಳಿಂದ ಎಷ್ಟು ದೂರದಲ್ಲಿ ಔಷಧ ಕಲಸಬೇಕು, ಖಾಲಿ ಡಬ್ಬಿಗಳು ಎಲ್ಲಿಗೆ ಹೋಗಬೇಕು, ಚೆಲ್ಲಿದರೆ ಮೊದಲು ಯಾರಿಗೆ ತಿಳಿಸಬೇಕು, ಆ ದಿನದ ನೀರನ್ನು ಯಾರು ಒದಗಿಸಬೇಕು. ಆದರೆ ಇಲ್ಲೊಂದು ಸೂಕ್ಷ್ಮವುಂಟು. ಕೈತಪ್ಪಿದ್ದಕ್ಕೇ ಕಠಿಣವಾದ ದಂಡವಿಟ್ಟರೆ ಜನರು ಮುಚ್ಚಿಡುವರು. ಮುಚ್ಚಿಟ್ಟ ವಿಷವೇ ಹೆಚ್ಚು ಕೊಲ್ಲುವದು. ಚೆಲ್ಲಿದವನು ವೆಚ್ಚವನ್ನು ಹೊರಲಿ; ದಂಡವು ಮಾತ್ರ ಮುಚ್ಚಿಟ್ಟವನಿಗಿರಲಿ.

ಬಡವನು ಎಲ್ಲಿಂದ ಕೊಟ್ಟಾನು ಎಂಬ ಆಕ್ಷೇಪವು ಸುಳ್ಳಲ್ಲ. ಅಪಾಯಕರ ವಸ್ತುಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಇರಿಸಿಕೊಳ್ಳುವ ಉದ್ಯಮಗಳು ವಿಮೆ ಇಳಿಸಲೇಬೇಕೆಂದು 1991ರ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಾಯಿದೆಯು ಕಟ್ಟುಮಾಡಿದೆ. ನೊಂದವನು ಎದುರಿಗಿನವನ ತಪ್ಪನ್ನು ಸಾಧಿಸಿ ತೋರಿಸದೆಯೇ ಅದರಿಂದ ಪರಿಹಾರ ಪಡೆಯಬಹುದು. ಅದೇ ತತ್ತ್ವವನ್ನು ತೋಟಗಾರರೂ ಅನುಸರಿಸಬಾರದೇಕೆ? ಎಕರೆಗಿಷ್ಟೆಂದು ಹಂಗಾಮಿಗೊಮ್ಮೆ ಹಣ ಕೂಡಿಸಿಟ್ಟರೆ, ಮೊದಲ ಟ್ಯಾಂಕರಿನ ಬಾಡಿಗೆಗಾಗಿ ಯಾರೂ ಯಾರ ಬಾಗಿಲಿಗೂ ಹೋಗಬೇಕಾಗದು. ಚೆಲ್ಲಿದವನು ಆ ಮೇಲೆ ಕಂತುಗಳಲ್ಲಿ ತೀರಿಸಲಿ.

ಆ ತೋಟದ ತಂದೆಗೆ ಇಂಥ ಯಾವ ಕಟ್ಟಳೆಯ ನೆರವೂ ಇರಲಿಲ್ಲ. ಅವನು ನೆರೆಯವನ ಬಾಗಿಲಿಗೆ ಹೋದುದು ಸ್ವಂತ ಮನಸ್ಸಾಕ್ಷಿಯ ಬಲದಿಂದ. ಆದರೆ ಎಲ್ಲ ಸಂಜೆಗಳಲ್ಲಿಯೂ, ಎಲ್ಲ ಬಾವಿಗಳ ಬಳಿಯಲ್ಲಿಯೂ ಅಂಥ ತಂದೆಯೊಬ್ಬನು ನಿಂತಿರುವನೆಂದು ನಂಬಿ ಕೂಡ್ರಲಾಗದು. ಅವನಿಲ್ಲದ ಹೊತ್ತಿಗೆ ಅವನ ಪ್ರಶ್ನೆಯನ್ನು ಕೇಳುವದಕ್ಕೇ ಕಟ್ಟಳೆಯು ಬೇಕಾಗಿದೆ.