ಕರಂಗಹಾಕೆಯ ಕಿಟಕಿಗಳು

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ, ಪೈರೋವಾ ಮತ್ತು ವೈಹಿ ಪಟ್ಟಣಗಳ ನಡುವೆ, ಕರಂಗಹಾಕೆ ಎಂಬ ಇಕ್ಕಟ್ಟಾದ ಕಮರಿಯಿದೆ. ಹೆದ್ದಾರಿಯ ಪಕ್ಕದಲ್ಲೇ ಕಾರು ನಿಲ್ಲಿಸಿ ಓಹಿನೆಮುರಿ ಹೊಳೆಯ ಮೇಲಿನ ಕಾಲುಸೇತುವೆ ದಾಟಿದರೆ ಹಳೆಯ ಚಿನ್ನದ ಗಣಿಗಳ ದಾರಿ ಸಿಗುತ್ತದೆ. ಸುಮಾರು ಒಂದು ಗಂಟೆಯ ನಡಿಗೆ. ಮೊದಲು ಒಂದಷ್ಟು ಮೆಟ್ಟಿಲು, ಆಮೇಲೆ ಅದಿರಿನ ಗಾಡಿಗಳು ಓಡಾಡುತ್ತಿದ್ದ ಸಮತಟ್ಟಾದ ಜಾಡು. ಶಾಲೆಗೆ ಹೋಗುವ ಮಕ್ಕಳೂ ದಣಿಯದೆ ನಡೆಯಬಹುದು. ಟಾರ್ಚ್ ಮಾತ್ರ ಬೇಕೇ ಬೇಕು.

ಜಾಡು ಬಂಡೆಯೊಳಗೆ ನುಗ್ಗಿದ ಕೂಡಲೇ ತಂಪು, ಕತ್ತಲು. ತುಸು ಮುಂದೆ ಗೋಡೆಯಲ್ಲೊಂದು ದೊಡ್ಡ ಕಿಂಡಿ. ಅದರಾಚೆ ಬೆಳಕು, ಎದುರು ಕಡಿದಾದ ಬಂಡೆ, ಕೆಳಗೆ ವೈಟಾವೆಟಾ ಹೊಳೆ. ಮತ್ತೆ ಕತ್ತಲು, ಮತ್ತೊಂದು ಕಿಂಡಿ. ಈ ಕಿಟಕಿಗಳಿಂದಲೇ ಈ ನಡಿಗೆಗೆ ಹೆಸರು ಬಂದಿದೆ, ಜನ ಬರುವುದೂ ಇವುಗಳಿಗಾಗಿಯೇ. ಆದರೆ ಗಣಿಯವರು ಇವನ್ನು ನೋಟಕ್ಕೆಂದು ಕೊರೆದವರಲ್ಲ. ಸುರಂಗ ತೋಡುವಾಗ ಸಿಕ್ಕ ಕಲ್ಲುಮಣ್ಣನ್ನು ನೇರವಾಗಿ ಹೊಳೆಗೆ ಸುರಿಯಲು ಕೊರೆದರು. ಅಲ್ಲಿ ನಿಂತು ಚಿತ್ರ ತೆಗೆಯುವವರಿಗೆ ಈ ಸಂಗತಿ ತಿಳಿದಿರಲೇಬೇಕು.

ಇಲ್ಲಿನ ಚಿನ್ನ ಬೆಣಚುಕಲ್ಲಿನಲ್ಲಿ ಬಲು ಸಣ್ಣ ಕಣಗಳಾಗಿ ಬೆರೆತಿತ್ತು. ಕಲ್ಲನ್ನು ಪುಡಿಮಾಡಿ ಪಾದರಸಕ್ಕೆ ಹಿಡಿಸುವ ಹಳೆಯ ವಿಧಾನದಲ್ಲಿ ಬಹುಪಾಲು ಚಿನ್ನ ಕೈತಪ್ಪುತ್ತಿತ್ತು. ಪುಡಿಗೆ ಸೈನೈಡ್ ದ್ರಾವಣ ಹಾಯಿಸಿ ಚಿನ್ನ ಕರಗಿಸಿ ತೆಗೆಯುವ ಮ್ಯಾಕಾರ್ಥರ್-ಫಾರೆಸ್ಟ್ ವಿಧಾನವನ್ನು 1889ರಲ್ಲಿ ಇಲ್ಲಿನ ಕ್ರೌನ್ ಗಣಿಯಲ್ಲಿ ಪ್ರಯೋಗಿಸಿದರು. ಪ್ರಯೋಗಶಾಲೆಯ ಹೊರಗೆ, ಗಣಿಯಲ್ಲೇ ಅದನ್ನು ಪರೀಕ್ಷಿಸಿದ್ದು ಜಗತ್ತಿನಲ್ಲಿ ಅದೇ ಮೊದಲು. ಚಿನ್ನ ಹೆಚ್ಚಿತು, ಕೆಸರೂ ಹೆಚ್ಚಿತು. 1895ರಲ್ಲಿ ಸರ್ಕಾರ ಓಹಿನೆಮುರಿಯನ್ನು ಗಣಿಕೆಸರಿನ ಕಾಲುವೆ ಎಂದೇ ಘೋಷಿಸಿತು. ಹರಿಯುವ ಹೊಳೆಯೊಂದನ್ನು ಕಾನೂನಿನ ಮೂಲಕ ಚರಂಡಿ ಮಾಡಿದ್ದು ದೊಡ್ಡ ಅನ್ಯಾಯ. ಹೂಳು ತುಂಬಿ ನೆರೆ ಬಂದಾಗ ಅದರ ಫಲ ಉಂಡವರು ಕೆಳದಂಡೆಯ ರೈತರು.

ಕೋಲಾರದ ಚಿನ್ನದ ಗಣಿಗೂ (ಕೆಜಿಎಫ್) ಈ ದೇಶಕ್ಕೂ ಹಳೆಯ ನಂಟಿದೆ. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಹೋರಾಡಿ ಬೆಂಗಳೂರಿಗೆ ಬಂದ ಐರಿಷ್ ಸೈನಿಕ ಮೈಕೆಲ್ ಲ್ಯಾವೆಲ್, 1873ರಲ್ಲಿ ಕೋಲಾರದಲ್ಲಿ ಗಣಿಗಾರಿಕೆಗೆ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿ, ಮುಂದೆ ಪರವಾನಗಿ ಪಡೆದರು. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವರ ಹೆಸರಿನದು. ಸೈನೈಡ್ ವಿಧಾನವೂ ಮುಂದೆ ಕೋಲಾರಕ್ಕೆ ಬಂತು. ಕರಂಗಹಾಕೆಯ ಕೆಸರನ್ನು ಹೊಳೆ ಕೊಚ್ಚಿಕೊಂಡು ಹೋಯಿತು. ಕೆಜಿಎಫ್‌ನಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲದೆ ಅದು ಸೈನೈಡ್ ದಿಬ್ಬಗಳಾಗಿ ಊರ ನಡುವೆಯೇ ಉಳಿಯಿತು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಗಾಳಿ ಬೀಸಿದಾಗ ಆ ದೂಳು ಮನೆಗಳಿಗೆ ನುಗ್ಗುತ್ತದೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಆ ಗಣಿಯ ಕತೆಯನ್ನು ಮಕ್ಕಳಿಗೆ ತೋರಿಸಲು ಇಂಥದೊಂದು ಸುರಕ್ಷಿತ ಕಾಲುದಾರಿ ಅಲ್ಲೂ ಬೇಕಿತ್ತು.

ನಡಿಗೆ ಮುಗಿದ ಮೇಲೂ ಉತ್ಸಾಹ ಉಳಿದಿದ್ದರೆ, ಅದೇ ಕಮರಿಯಲ್ಲಿ ಸುಮಾರು 1,100 ಮೀಟರ್ ಉದ್ದದ ರೈಲು ಸುರಂಗವೂ ಇದೆ. 1905ರಲ್ಲಿ ಆರಂಭವಾದ ಈ ಮಾರ್ಗದ ರೈಲು 1978ರಲ್ಲಿ ನಿಂತಿತು. ಈಗ ಅದರಲ್ಲಿ ಸೈಕಲ್ ಸವಾರರೂ ನಡೆಯುವವರೂ ಸಾಗುತ್ತಾರೆ. ಒಳಗೆ ದೀಪಗಳಿವೆ.