ನಾಡಿ ನೋಡೋ ವಾಚು, ಮುಖ ನೋಡೋ ಅಮ್ಮ

2021ರ ಅಕ್ಟೋಬರ್ 29. ನಮ್ಮ ಅಪ್ಪು ಹೃದಯಾಘಾತದಿಂದ ಹೋದ ದಿನ. ವಯಸ್ಸು ಬರೀ 46! ಅಂಥ ಕಸರತ್ತಿನ ಮೈಗೇ ಹೀಗಾದರೆ ನಮ್ಮ ಗತಿಯೇನು ಅಂತ ಎದೆ ಮುಟ್ಟಿ ನೋಡಿಕೊಳ್ಳದ ಅಭಿಮಾನಿ ಯಾರಿದ್ದಾರೆ ಹೇಳಿ? ಈಗ ನಮ್ಮ ಬಾಶೆಟ್ಟಿಹಳ್ಳಿಯಲ್ಲಿ ಫ್ಯಾಕ್ಟರಿ ಪಾಳಿಗೆ ಹೋಗೋ ಹುಡುಗರ ಮುಂಗೈ ಮೇಲೂ ಸ್ಮಾರ್ಟ್ ವಾಚು ಮಿನುಗುತ್ತೆ.

ಪಿಯುಸಿ ಅರ್ಧಕ್ಕೇ ಬಿಟ್ಟ ನನಗೆ ಅದರ ಒಳಗುಟ್ಟು ತಿಳಿದದ್ದು ಇಷ್ಟು. ವಾಚಿನ ಅಡಿಯಲ್ಲಿ ಒಂದು ಹಸಿರು ದೀಪ. ರಕ್ತ ಹಸಿರು ಬೆಳಕನ್ನು ಹೀರುತ್ತೆ. ಹೃದಯ ಬಡಿದಾಗಲೆಲ್ಲ ಮುಂಗೈಗೆ ರಕ್ತ ಉಕ್ಕಿ, ವಾಪಸು ಬರುವ ಬೆಳಕು ತುಸು ಕಮ್ಮಿಯಾಗುತ್ತೆ. ಆ ಏರಿಳಿತ ಎಣಿಸಿದರೆ ನಾಡಿಯ ಲೆಕ್ಕ. ಲೆಕ್ಕ ಬ್ಲೂಟೂತ್‌ನಲ್ಲಿ ಫೋನಿಗೆ, ಫೋನಿನಿಂದ ಎಷ್ಟು ದೂರಕ್ಕಾದರೂ! ಬೆಂಗಳೂರಿನ ಅಲ್ಟ್ರಾಹ್ಯೂಮನ್ ಕಂಪನಿ ಇಂಥದ್ದನ್ನು ಉಂಗುರದೊಳಗೇ ಅಡಗಿಸಿದೆ.

ನಮ್ಮಪ್ಪ ಮಗ್ಗದ ಕೆಲಸದವರು. ಎದೆಗೆ ಸ್ಟೆಂಟ್ ಹಾಕಿದ ಮೇಲೆ ದಿನಾ ನಡೀಬೇಕು ಅಂತ ಡಾಕ್ಟರ್ ಅಪ್ಪಣೆ. ಹೊಸೂರಿನಲ್ಲಿರುವ ಅಣ್ಣ ಒಂದು ವಾಚು ಕಳಿಸಿದ. ಸಂಜೆಯಾದರೆ ಫೋನು: "ಯಾಕಪ್ಪಾ, ಇವತ್ತು ನಡೆದೇ ಇಲ್ವಲ್ಲ?" ಅಪ್ಪ ಸಾಮಾನ್ಯರೇ? ಟೀವಿ ಮುಂದೆ ಕೂತು ಕೈ ಬೀಸಿ ಹೆಜ್ಜೆ ಕೂಡಿಸಿಬಿಟ್ಟರು! ವಾಚಿಗೆ ಗೊತ್ತಾಗೋದು ಕೈಯ ಅಲುಗಾಟ, ಕಾಲಿನ ನಿಯತ್ತಲ್ಲ.

ನಕ್ಕೆವು. ಆದರೆ ಒಂದು ದಿನ ವಾಕಿಂಗ್ ಮುಗಿಸಿ ಬಂದ ಅಪ್ಪನ ಹಣೆಯಲ್ಲಿ ತಣ್ಣನೆ ಬೆವರು. ಅಣ್ಣ ಫೋನಿನಲ್ಲಿ, "ನಾಡಿ ಸರಿಯಾಗೇ ಇದೆಯಲ್ಲೋ" ಅಂದ. ಅಮ್ಮ, "ನಾಡಿ ಹಾಗಿರಲಿ, ಮುಖ ನೋಡ್ರೋ!" ಅಂತ ಆಟೋ ಕರೆಸಿದಳು. ಅಪ್ಪ ಉಳಿದರು.

ಡಾಕ್ಟರ್ ಬಿಡಿಸಿ ಹೇಳಿದರು: ಅಪ್ಪ ನುಂಗುವ ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ಏರಗೊಡುವುದಿಲ್ಲ. ಮೇಲಾಗಿ, ರಕ್ತನಾಳ ಕಟ್ಟಿಕೊಂಡಿದ್ದು ಹಸಿರು ದೀಪಕ್ಕೆ ಕಾಣುವುದೂ ಇಲ್ಲ.

ಹಾಗಂತ ವಾಚು ಬಿಸಾಡಬೇಡಿ. ಅಣ್ಣನ ಫೋನು ಬರದಿದ್ದರೆ ಅಪ್ಪ ಹೊಸಿಲು ದಾಟುತ್ತಿರಲಿಲ್ಲ. ಜೊತೆಗೆ ಕಾಸಿಲ್ಲದ ಪರೀಕ್ಷೆಯೊಂದನ್ನು ಇಟ್ಟುಕೊಳ್ಳಿ: ಹದವಾದ ವ್ಯಾಯಾಮ ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತೇ ನಿಂತರೆ ವೇಗ ಇಳಿಸಿ. ಎದೆ ಬಿಗಿದರೆ, ಎಡಗೈ ಜಗ್ಗಿದರೆ, ತಣ್ಣಗೆ ಬೆವರಿದರೆ ವಾಚು ನೋಡುತ್ತಾ ಕೂರಬೇಡಿ. ಸೀದಾ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಸರ್ಕಾರದ ಹೃದಯಜ್ಯೋತಿ ಯೋಜನೆಗೆ ಅಪ್ಪು ಹೆಸರೇ ಇಟ್ಟಿದ್ದಾರೆ.

ಅಭಿಮಾನಿ ಮಿತ್ರರೇ, ಮೊದಲ ದಿನ ಮೊದಲ ಆಟಕ್ಕೆ ಸೀಟಿ ಹೊಡೆಯೋಕೆ ಎದೆ ಗಟ್ಟಿ ಇರಬೇಕಲ್ಲವೇ?